ಎರಡನೇ ಸಲ ಕೇಳಿದ ಹೂವು

ಇವತ್ತು ನಮ್ಮೂರ ಅಮ್ಮನ ಗುಡಿಯಲ್ಲೇ ಜಗಳವಾಯಿತು ಕಣ್ರೇ. ಊರ ಸರ್ಕಾರಿ ಶಾಲೆಯ ಆರನೇ ಕ್ಲಾಸಿಗೆ ಇರುವುದೇ ಇಬ್ಬರು ಮಕ್ಕಳು. ಪಕ್ಕದ ಮನೆ ಗಿರಿಜಳ ಮಗಳೂ ಸೊರಬದ ಕಾನ್ವೆಂಟಿಗೆ ಹೋದರೆ ನನ್ನ ಮೊಮ್ಮಗಳು ಒಬ್ಬಳೇ ಕೂರಬೇಕು.

"ಅಮ್ಮನ್ನೇ ಕೇಳಾಣ" ಎಂದು ಗಿರಿಜಳೇ ಪ್ರಸಾದ ಕೇಳಿಸಿದಳು. ಅಮ್ಮನ ವಿಗ್ರಹಕ್ಕೆ ಅಂಟಿಸಿದ ಹೂ ಬಲಕ್ಕೆ ಬಿದ್ದರೆ ಊರ ಶಾಲೆ, ಎಡಕ್ಕಾದರೆ ಕಾನ್ವೆಂಟ್. ಕೈಮುಗಿದು ನಿಂತೆವು. ಬಲಕ್ಕೇ ಬಿತ್ತು.

"ಅದು ಗಾಳಿಗೆ ಬಿದ್ದಿದ್ದು. ಇನ್ನೊಂದ್ಸಲ ಕೇಳ್ರೀ ಪೂಜಾರ್ರೇ" ಎಂದಳು ಗಿರಿಜ.

"ನಿನ್ ಮದುವೆಗೆ ಕೇಳ್ದಾಗ ಗಾಳಿ ಇರ್ಲಿಲ್ವೇನೇ?" ನಾನೂ ಬಿಡಲಿಲ್ಲ.

ಪೂಜಾರರು ಮತ್ತೆ ಕೇಳಿದರು. ಅರ್ಧ ಗಂಟೆಯಾದರೂ ಒಂದು ಹೂವೂ ಕದಲಲಿಲ್ಲ.

"ಆಯ್ತಕ್ಕಾ, ನಿಮ್ ಶಾಲೆಗೇ ಹಾಕ್ತೀನಿ" ಎಂದು ಗಿರಿಜ ಸಿಡುಕಿ ಎದ್ದಳು.

ನಾನು ಓದುವಾಗ ಆ ಶಾಲೆಯ ಮೇಷ್ಟ್ರೂ ಅಮ್ಮನ ಹಾಗೇ, ಹೇಳಿದ್ದನ್ನು ಎರಡನೇ ಸಲ ಹೇಳುತ್ತಿರಲಿಲ್ಲ.