ಬೀಯುನಳ ಬಿಳಿ ಪುಟ

ಕಾವೋಷಿಯುಂಗ್ ಬಳಿಯ ನೇಮೆನ್ ಕಡೆ ಬೀದಿಗೆ ಚಪ್ಪರ ಹಾಕಿ ಊಟ ಬಡಿಸುವ ಅಡುಗೆಯವರಿಗೆ ಬರವಿಲ್ಲ. ಮದುವೆ, ಗೃಹಪ್ರವೇಶ, ಮಗುವಿಗೆ ತಿಂಗಳು ತುಂಬಿದ್ದು, ದೇವರ ಹುಟ್ಟುಹಬ್ಬ, ಏನೇ ಇರಲಿ, ಬೀದಿಯ ಒಂದು ತುದಿ ಮುಚ್ಚಿ, ದುಂಡು ಮೇಜುಗಳಿಗೆ ಕೆಂಪು ಬಟ್ಟೆ ಹಾಸಿ, ಮೇಜಿಗೆ ಹತ್ತು ಜನರಂತೆ ಕೂರಿಸಿಬಿಡುತ್ತಾರೆ. ಈ ಅಡುಗೆಯವರಲ್ಲಿ ಬಹಳ ಜನರ ಫೋನಿನಲ್ಲಿ ಶುವೆ ಬೀಯುನ್ ಮಾಡಿಕೊಟ್ಟ ಸಾಫ್ಟ್‌ವೇರ್ ಇತ್ತು. ಅದಕ್ಕೆ ಅವಳು ಒಂದು ಒಳ್ಳೆಯ ಹೆಸರನ್ನೂ ಇಟ್ಟಿದ್ದಳು. ಯಾರೂ ಆ ಹೆಸರು ಹೇಳಲಿಲ್ಲ. "ಬೀಯುನ್‌ದರಲ್ಲಿ ನೋಡು" ಅಂದರೆ ಎಲ್ಲರಿಗೂ ತಿಳಿಯುತ್ತಿತ್ತು.

ಬೀಯುನಳ ಅಪ್ಪನೂ ಅಡುಗೆಯವನೇ. ಅವಳು ಬೆಳೆದದ್ದು ಚಪ್ಪರದ ಹಿಂದೆ, ತಟ್ಟೆ ತೊಳೆಯುವ ತೊಟ್ಟಿಯ ಪಕ್ಕ. ವಾಣಿಜ್ಯ ಶಾಲೆಗೆ ಹೋಗಿ ಕಂಪ್ಯೂಟರ್ ಕಲಿತಳು, ಕಾವೋಷಿಯುಂಗಿನ ಹಡಗು ಕಂಪನಿಯಲ್ಲಿ ಕೆಲಸಕ್ಕೆ ಸೇರಿದಳು. ಒಂದು ಶುಭದಿನ ಅಪ್ಪ ಎರಡು ಮದುವೆ ಒಪ್ಪಿಕೊಂಡು, ಒಂದು ಮದುವೆಯ ಬಾತುಕೋಳಿಗಳನ್ನೆಲ್ಲ ಇನ್ನೊಂದರ ಒಲೆಗೆ ಕಳಿಸಿ, ಬೀಗರ ಮುಂದೆ ಬೆವರಿ ನಿಂತ. ಆಮೇಲೆ ಅವಳು ಊರಿಗೆ ಬಂದು ಈ ಸಾಫ್ಟ್‌ವೇರ್ ಬರೆದಳು. ಎಷ್ಟು ಮೇಜು ಅಂತ ಒತ್ತಿದರೆ ಸಾಕು, ಎಷ್ಟು ಮೀನು, ಎಷ್ಟು ಸಿಗಡಿ, ಬಡಿಸಲು ಯಾವ ಯಾವ ಹೆಂಗಸರನ್ನು ಕರೆಯಬೇಕು, ಸಾರನ್ನು ಯಾವಾಗ ಒಲೆಗೆ ಏರಿಸಬೇಕು, ಎಲ್ಲ ಹೇಳುತ್ತದೆ. ಅಪ್ಪನಿಗೆ ಮಾಡಿದ್ದು ಅಪ್ಪನ ಶಿಷ್ಯರಿಗೂ ಹೋಯಿತು, ಅವರಿಂದ ಅವರ ಭಾವಮೈದುನರಿಗೂ ಹೋಯಿತು. ಮೋಟಾರ್‌ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆಯೇ ಅವಳ ಕಚೇರಿ. ಫೋನ್ ಎತ್ತುವುದು ಅವಳ ಅತ್ತಿಗೆ ಆಗ್ವೆ.

ಆ ಸಾಫ್ಟ್‌ವೇರಿನಲ್ಲಿ ಬಿಳಿ ಬಣ್ಣದ ಒಂದು ಪುಟ ಇತ್ತು. ಅದು ಸಾವಿನ ಮನೆಯ ಊಟಕ್ಕೆ. ಮದುವೆಗೆ ಭಕ್ಷ್ಯಗಳು ಸಮಸಂಖ್ಯೆಯಲ್ಲಿ ಬಂದರೆ ಇಲ್ಲಿ ಬೆಸಸಂಖ್ಯೆಯಲ್ಲಿ. ಕೆಂಪು ಎಲ್ಲೂ ಕಾಣುವುದಿಲ್ಲ. ಮನೆಯವರಿಗೆ ಯಾವ ಸಂದೇಶವೂ ಹೋಗುವುದಿಲ್ಲ, ಏಕೆಂದರೆ ಆ ಮನೆಯಲ್ಲಿ ಉಪಕಾರವಾಯಿತು ಅನ್ನುವಂತಿಲ್ಲ, ಮತ್ತೆ ಸಿಗೋಣ ಅನ್ನುವಂತಿಲ್ಲ. ಕೆಲಸ ಮುಗಿಸಿ ಸುಮ್ಮನೆ ಎದ್ದು ಬರಬೇಕು. ಕಾರಣವಿಲ್ಲದೆ ಈ ಪುಟವನ್ನು ಯಾರೂ ತೆರೆಯುತ್ತಿರಲಿಲ್ಲ. ಸಾವಿಲ್ಲದಾಗ ತೆರೆದರೆ ಅದನ್ನು ಕೈಬೀಸಿ ಕರೆದ ಹಾಗೆ. ಬೀಯುನಳೇ ಅದರಲ್ಲಿ ಏನಾದರೂ ಸರಿಪಡಿಸಬೇಕಾದರೆ ಕೇಡು ತಗಲದಿರಲಿ ಅಂತ ಮೊದಲು ಮಣಿಕಟ್ಟಿಗೆ ಕೆಂಪು ದಾರ ಕಟ್ಟಿಕೊಳ್ಳುತ್ತಿದ್ದಳು.

ಹೀಗಿರುವಾಗ ತೈಪೆಯ ಒಂದು ಕಂಪನಿ "ತುಂಬಿದ ಮೇಜು" ಅನ್ನುವುದನ್ನು ತಂದಿತು. ಪೂರ್ತಿ ಬಿಟ್ಟಿ. ಬೀಯುನ್ ತೆರೆದು ನೋಡಿದಳು. ಗುಂಡಿಗಳು ಅವಳದೇ ಜಾಗದಲ್ಲಿದ್ದವು. ಬಾತುಕೋಳಿಯ ಚಿತ್ರದ ಕೊಕ್ಕು ಅವಳ ಬಾತುಕೋಳಿಯ ಹಾಗೆಯೇ ಎಡಕ್ಕೆ ತಿರುಗಿತ್ತು. ಹೊಸದೆಂದರೆ, ಊಟ ಮಾಡಿಸುವ ಮನೆಗೆ ಅದು ತಾನೇ ಶುಭಾಶಯ ಕಳಿಸುತ್ತಿತ್ತು, ಕೆಳಗೆ ಮದ್ಯದ ಜಾಹೀರಾತು ಇರುತ್ತಿತ್ತು. ಕಂಪನಿಯ ಸಂಪಾದನೆ ಅಲ್ಲಿಂದ.

ಒಬ್ಬೊಬ್ಬರಾಗಿ ಅಡುಗೆಯವರು ಅತ್ತ ಸರಿದರು. ಹೊಸವರ್ಷದ ಹೊತ್ತಿಗೆ ಅರ್ಧ ಜನ ತನಗೆ ತಿಂಗಳು ತಿಂಗಳು ಕೊಡುವ ಚಂದಾ ನಿಲ್ಲಿಸಿದರೆ ಕೋಣೆ ಬಿಟ್ಟುಕೊಟ್ಟು, ಈ ವಯಸ್ಸಿನಲ್ಲಿ ಮತ್ತೆ ಹಡಗು ಕಂಪನಿಯ ಬಸ್ಸು ಹತ್ತಬೇಕು. ಅದು ಬೀಯುನಳಿಗೆ ಗೊತ್ತಿತ್ತು.

"ನೀನೂ ಬಿಟ್ಟಿ ಕೊಡು" ಅಂದಳು ಆಗ್ವೆ.

"ಕೊಟ್ಟು? ನಾವಿಬ್ರೂ ಏನ್ ತಿನ್ನೋದು, ಬಾತುಕೋಳಿ ಚಿತ್ರಾನಾ?"

"ಹಂಗಾದ್ರೆ ಕೋರ್ಟಿಗೆ ಹಾಕು."

"ವಕೀಲರನ್ನ ಕೇಳ್ದೆ ಅತ್ಗೆ. ತೀರ್ಪು ಬರೋಷ್ಟರಲ್ಲಿ ನಂದೇ ಬಿಳಿ ಊಟ ಆಗಿರತ್ತೆ."

"ಥೂ! ಬಾಯಿ ತೊಳ್ಕೊ!" ಅಂದು ಆಗ್ವೆ ಅಪಶಕುನ ಕಳೆಯಲಿ ಅಂತ ಮೇಜಿನ ಮರವನ್ನು ತಟ್ಟಿದಳು.

ಆಗಲೇ ಬೀಯುನಳಿಗೆ ಒಂದು ವಿಷಯ ಹೊಳೆಯಿತು. ತುಂಬಿದ ಮೇಜನ್ನು ಮತ್ತೆ ತೆರೆದು ತುದಿಯಿಂದ ತುದಿಗೆ ಹುಡುಕಿದಳು. ಬಿಳಿ ಪುಟ ಅದರಲ್ಲಿ ಇರಲಿಲ್ಲ.

ಮಾರನೆಯ ದಿನ ಆಹುವೆಯ ಚಪ್ಪರಕ್ಕೆ ಹೋದಳು. ಆಹುವೆ ಅವಳ ಅಪ್ಪನ ಹಿರಿಯ ಶಿಷ್ಯ, ಅವಳು ತೊಟ್ಟಿಯ ಪಕ್ಕ ಕೂತಿದ್ದ ಕಾಲದಿಂದ ಅಣ್ಣ ಅನ್ನಿಸಿಕೊಂಡವನು. ದೊಡ್ಡ ಬಾಣಲೆಯ ಮುಂದೆ ನಿಂತು ಸಿಹಿ-ಹುಳಿ ಮೀನು ಕರಿಯುತ್ತಿದ್ದ. ಅವಳನ್ನು ಕಂಡು ಫೋನನ್ನು ಎಪ್ರನ್ನಿನ ಜೇಬಿಗೆ ಹಾಕಿಕೊಂಡ.

"ಬಚ್ಚಿಡ್ಬೇಡ ಅಣ್ಣ, ಕಂಡಿದೀನಿ. ಅದು ಹೆಂಗಿದೆ?"

"ಏನೋ, ಇದೆ." ಅವನು ಮೀನನ್ನು ಮಗುಚಿದ. "ಬೀಯುನ್, ಒಂದ್ ಮಾತು. ಬಯ್ಯಬೇಡ. ಹೋದ್ವರ್ಷ ತೈಪೆಯಿಂದ ಶೇನ್ ಅಂತ ಒಬ್ಬ ಬಂದಿದ್ದ. ಕೋಟು ಹಾಕ್ಕೊಂಡು ಇದೇ ಹೊಗೇಲಿ ನಿಂತ್ಕೊಂಡು, ಗುರುಗಳೇ ಗುರುಗಳೇ ಅಂದ. ನಿನ್ನ ಸಾಫ್ಟ್‌ವೇರ್ ತೋರ್ಸಿ ಅಂದ. ತೋರಿಸ್ದೆ. ಪುಟಪುಟಾನೂ ಫೋಟೋ ತಕ್ಕೊಂಡ. ಪತ್ರಿಕೆಗೆ ಹಾಕ್ತಾನೇನೋ ಅಂದ್ಕೊಂಡೆ ಕಣೇ."

"ಗುರುಗಳೇ ಅಂದ್ರೆ ಬಾಣ್ಲೇನೂ ಕೊಟ್ಬಿಡ್ತೀಯ ನೀನು. ಎಲ್ಲಾ ಪುಟ ತೋರಿಸ್ದ್ಯಾ?"

"ಎಲ್ಲಾ. ಅದೊಂದ್ ಬಿಟ್ಟು. ಅದನ್ನ ಯಾರಾದ್ರೂ ಸುಮ್‌ಸುಮ್ನೆ ತೆಗೀತಾರಾ?"

"ಅದನ್ನೇ ಹೇಳಕ್ಕೆ ಬಂದೆ. ಅವರ್ದರಲ್ಲಿ ಅದು ಇಲ್ವೇ ಇಲ್ಲ. ನಾಳೆ ಯಾರಾದ್ರೂ—"

"ಏಯ್!" ಆಹುವೆ ಎರಡು ಕಿವಿಯನ್ನೂ ಮುಚ್ಚಿಕೊಂಡ. ಜಾಲರಿ ಸೌಟಿನ ಎಣ್ಣೆ ಹೆಗಲ ಮೇಲೆ ತೊಟ್ಟಿಕ್ಕಿತು. "ಮದ್ವೆ ಚಪ್ರ ಇದು! ಮದುಮಗಳ ಅಜ್ಜಿ ಅಲ್ಲೇ ಕೂತಿದಾರೆ, ತೊಂಬತ್ತು ದಾಟಿದೆ! ಹೋಗು, ಹೋಗು, ಮೀನ್ ತಿಂದು ಹೋಗು!"

ಬೀಯುನ್ ಮೀನು ತಿಂದು ಮನೆಗೆ ಬಂದಳು. ಬೇರೆ ಅಡುಗೆಯವರ ಹತ್ತಿರವೂ ಹೋದಳು. ಒಬ್ಬ ಹೊಸ ಮನೆಯ ಊಟದಲ್ಲಿದ್ದ, ಇನ್ನೊಬ್ಬನ ಸೊಸೆ ಬಸುರಿ, ಮತ್ತೊಬ್ಬನ ತಾಯಿಗೆ ಕೆಮ್ಮು. ಎಲ್ಲಿಯೂ ಆ ಮಾತು ಎತ್ತುವಂತಿರಲಿಲ್ಲ. ತನ್ನದರಲ್ಲಿ ಮಾತ್ರ ಇರುವ ಒಂದೇ ಒಂದು ಸರಕು, ಅದನ್ನು ಕೂಗಿ ಮಾರುವಂತಿಲ್ಲ.

"ಕಾಯೋಣ" ಅಂದಳು ಆಗ್ವೆ.

"ಏನಕ್ಕೆ ಕಾಯೋದು ಅತ್ಗೆ? ಯಾರ್ ಹೋಗ್ತಾರೆ ಅಂತಾನಾ?"

ಆಗ್ವೆ ಮತ್ತೆ ಮೇಜು ತಟ್ಟಿದಳು. ಅದನ್ನು ಕಾಯುವುದು ಬೀಯುನಳಿಗೂ ಸಲ್ಲಲಿಲ್ಲ. ಮೀನಿನ ದರ ದಿನವೂ ತಾನೇ ಬದಲಾಗುವಂತೆ ತನ್ನ ಸಾಫ್ಟ್‌ವೇರನ್ನು ತಿದ್ದಿದಳು. ಅದು ಕೆಲವರಿಗೆ ಹಿಡಿಸಿತು. ಒಂದು ವಾರದಲ್ಲಿ ತುಂಬಿದ ಮೇಜಿನಲ್ಲೂ ಮೀನಿನ ದರ ಬಂತು.

ಚಳಿ ಹಿಡಿದ ಮೇಲೆ ಗುಡ್ಡದ ಕೆಳಗಿನ ಬಿದಿರು ವ್ಯಾಪಾರಿ ಕೋ ಅಜ್ಜ ನಿದ್ದೆಯಲ್ಲೇ ತೀರಿಕೊಂಡ. ಒಳ್ಳೆಯ ಸಾವು, ತುಂಬು ವಯಸ್ಸು. ಮಣ್ಣು ಮುಗಿಸಿ ಬರುವವರ ಊಟ ಆಹುವೆಯ ಪಾಲಿಗೆ ಬಂತು. ಅವನು ಹೊಸ ಅಭ್ಯಾಸದಂತೆ ತುಂಬಿದ ಮೇಜನ್ನು ತೆರೆದು, ಬಿಳಿ ಪುಟ ಹುಡುಕಿ, ಸಿಗದೆ, ಇದ್ದುದರಲ್ಲೇ ಮೇಜಿನ ಲೆಕ್ಕವನ್ನೂ ಅಜ್ಜನ ಮಗನ ನಂಬರನ್ನೂ ಹಾಕಿದ.

ಸಂಜೆ ಆಹುವೆ ಬೀಯುನಳ ಮೆಟ್ಟಿಲು ಹತ್ತಿ ಬಂದ. ಮುಖ ಕಪ್ಪಿಟ್ಟಿತ್ತು. ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತ.

"ಅಣ್ಣ, ಏನಾಯ್ತು?"

"ಓದು" ಅಂತ ಫೋನ್ ಚಾಚಿದ. ಕೋ ಅಜ್ಜನ ಹಿರಿಯ ಮಗನಿಗೆ ಹೋಗಿದ್ದ ಸಂದೇಶ ಅದು. ಕೆಂಪು ಲಾಟೀನುಗಳ ನಡುವೆ ಬರೆದಿತ್ತು: ಶುಭಾಶಯಗಳು! ಇಂಥ ಸಂಭ್ರಮ ನಿಮ್ಮ ಮನೆಗೆ ಮತ್ತೆ ಮತ್ತೆ ಬರಲಿ. ಮುಂದಿನ ಸಲವೂ ನಮ್ಮನ್ನೇ ಕರೆಯಿರಿ.

ಆಗ್ವೆ ಇಣುಕಿ ಓದಿದಳು. ನಗು ಬಂತು, ಬಾಯಿಗೆ ಸೆರಗಿಲ್ಲದ್ದರಿಂದ ಫೈಲು ಅಡ್ಡ ಹಿಡಿದಳು.

"ನಗ್ಬೇಡ್ರೀ ಆಗ್ವೆ ಅತ್ಗೆ! ಮಗ ಮಂಡಿಯೂರಿ ಧೂಪ ಹಚ್ತಿದ್ದ, ಆಗ ಬಂತಂತೆ. ನಂಗೆ ಫೋನ್ ಮಾಡಿ, ಆಹುವೆಯವ್ರೇ, ಮುಂದಿನ ಸಲ ಅಂದ್ರೆ ನಮ್ಮನೇಲಿ ಯಾರು ಅಂದ್ಕೊಂಡಿದೀರ ಅಂದ. ಏನ್ ಹೇಳ್ಲಿ? ನಾನಲ್ಲ, ತೈಪೆ ಅಂತ ಹೇಳ್ಲಾ?"

"ಊಟ ಯಾವತ್ತು?"

"ನಾಳಿದ್ದು. ಕಾಲಿಗೆ ಬಿದ್ದು ಉಳಿಸ್ಕೊಂಡಿದೀನಿ. ಬೀಯುನ್, ನಿನ್ನ ಬಿಳಿ ಪುಟ ಕೊಡೇ."

ಬೀಯುನ್ ಮಣಿಕಟ್ಟಿಗೆ ದಾರ ಕಟ್ಟಿಕೊಂಡು, ಆ ಊಟದ ಲೆಕ್ಕವನ್ನು ಕೂತಲ್ಲೇ ಹಾಕಿಕೊಟ್ಟಳು. ಆ ದಿನ ಚಂದಾದ ಮಾತು ಎತ್ತಲಿಲ್ಲ. ಸಾವಿನ ಮನೆಯ ಕೆಲಸ ಅದು.

ಊಟ ಸುಸೂತ್ರ ಮುಗಿಯಿತು. ಆಹುವೆ ಮತ್ತೆ ಬಂದ. ಈ ಸಲ ಒಳಗೆ ಬಂದು ಚಹಾ ಕುಡಿದ.

"ಒಂದ್ ಕೆಲ್ಸ ಮಾಡು ತಂಗಿ. ಮದ್ವೆ-ಗಿದ್ವೆಗೆ ಆ ಬಿಟ್ಟಿದು ಇರ್ಲಿ. ನಿಂದು ಬಿಳಿ ಪುಟ ಮಾತ್ರ ಕೊಡು. ಅದಕ್ಕೆಷ್ಟೋ ಅಷ್ಟು ಕೊಡ್ತೀನಿ."

"ಆಹಾ, ನೋಡ್ರಪ್ಪ!" ಅಂದಳು ಆಗ್ವೆ. "ಸಿಹಿ ಅಲ್ಲಿ, ಕಣ್ಣೀರು ಇಲ್ಲಿ. ನಾವೇನ್ ಶವಪೆಟ್ಟಿಗೆ ಅಂಗಡಿ ಇಟ್ಟಿದೀವಾ?"

ಬೀಯುನ್ ಬೇಸರಪಟ್ಟುಕೊಳ್ಳಲಿಲ್ಲ. ಇಷ್ಟಾದರೂ ಬಂತಲ್ಲ ಅಂದುಕೊಂಡಳು. "ಆಯ್ತು ಅಣ್ಣ. ಬೇರೆದೆಲ್ಲ ತೆಗ್ದು ಬರೀ ಅದೊಂದೇ ಹಾಕ್ಕೊಡ್ತೀನಿ. ಫೋನಲ್ಲಿ ಒಂದ್ ಬಿಳಿ ಗುಂಡಿ ಇರತ್ತೆ, ಒತ್ತಿದ್ರೆ ಸೀದಾ ಅದೇ ತೆಗ್ಕೊಳ್ಳತ್ತೆ."

ಆಹುವೆಯ ಚಹಾ ಬಟ್ಟಲು ಬಾಯಿಯ ಹತ್ತಿರವೇ ನಿಂತಿತು.

"ಬರೀ ಅದೊಂದೇನಾ?"

"ನೀನು ಕೇಳಿದ್ದು ಅದೇ ಅಲ್ವಾ?"

"ದಿನಾ ಜೇಬಲ್ಲಿ? ಇಲ್ಲಿ, ಎದೆ ಹತ್ರ? ಕೈ ತಗಲಿದ್ರೆ ತೆಗ್ಕೊಂಡ್ಬಿಡತ್ತೆ?" ಫೋನನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ದೂರಕ್ಕೆ ಇಟ್ಟ. "ನಮ್ಮೋಳು ಮನೆ ಒಳಗೆ ಬಿಟ್ಕೊಳಲ್ಲ ಕಣೇ. ಮೊದ್ಲು ಹೆಂಗಿತ್ತು? ಮುಂದೆಲ್ಲಾ ಮದ್ವೆ, ಹುಟ್ಟಿದ್ಹಬ್ಬ, ಅದು ಮಾತ್ರ ಹಿಂದೆ ಮೂಲೇಲಿತ್ತು."

"ಹಂಗಾದ್ರೆ ಮದ್ವೆ ಪುಟಾನೂ ಇರ್ಲಾ?"

"ಇರ್ಲಿ, ಇರ್ಲಿ! ಇದ್ರೆ ಸಾಲ್ದು, ದಿನಾ ತೆಗೀತಾನೂ ಇರ್ಬೇಕು. ಮದ್ವೆನೆಲ್ಲ ಬೇರೆ ಕಡೆ ಒತ್ತಿ, ನಿಂದನ್ನ ಅದಕ್ಕೊಂದಕ್ಕೇ ಅಂತ ಒತ್ತಿದ್ರೆ ಏನ್ ಬಂತು? ಅದೂ ಕೈಬೀಸಿ ಕರ್ದಂಗೇ ಆಯ್ತಲ್ಲ." ತಾನೇ ಯೋಚಿಸಿ, ತಾನೇ ಸೋತು, ಹಣೆ ಒರೆಸಿಕೊಂಡ. "ಎಲ್ಲಾ ನಿಂದೇ ಹಾಕು. ಮೊದ್ಲಿದ್ದಂಗೆ."

ಬೀಯುನ್ ಅತ್ತಿಗೆಯ ಮುಖ ನೋಡಿದಳು. ಆಗ್ವೆ ಈ ಸಲ ಫೈಲನ್ನು ಪೂರ್ತಿ ಮುಖಕ್ಕೆ ಹಿಡಿದಿದ್ದಳು.

ಬೀಯುನ್ ಕೂಗಿ ಹೇಳಲಾಗದ್ದನ್ನು ಆಹುವೆಯ ಹೆಂಡತಿ ತರಕಾರಿ ಹೆಚ್ಚುವ ಹೆಂಗಸರ ನಡುವೆ ಪಿಸುಗುಟ್ಟಿಯೇ ಹರಡಿದಳು. ಕೋ ಅಜ್ಜನ ಮಗನಿಗೆ ಬಂದ ಶುಭಾಶಯ ಬಾಣಲೆಯಿಂದ ಬಾಣಲೆಗೆ ಹೋಯಿತು. ಎಲ್ಲರೂ ಮರಳಲಿಲ್ಲ. ಸಮುದ್ರದ ಕಡೆಯ ಕೆಲವರು, ಮದುವೆ ಮಾತ್ರ ಒಪ್ಪಿಕೊಳ್ಳುವವರು, ಬಿಟ್ಟಿಯದರಲ್ಲೇ ಉಳಿದರು. ಹೊಸವರ್ಷಕ್ಕೆ ಚಂದಾ ಅರ್ಧಕ್ಕಂತೂ ಇಳಿಯಲಿಲ್ಲ. ಬೀಯುನ್ ಕೋಣೆಯ ಬಾಡಿಗೆಯ ಕರಾರಿಗೆ ಇನ್ನೊಂದು ವರ್ಷಕ್ಕೆ ಮುದ್ರೆ ಒತ್ತಿದಳು.

ತೈಪೆಯ ಶೇನ್ ಒಂದು ದಿನ ಆಹುವೆಗೆ ಫೋನ್ ಮಾಡಿದನಂತೆ. ಬೇರೆ ಮದುವೆಯೊಂದರ ಚಪ್ಪರದಲ್ಲಿ ಆಹುವೆಯೇ ಅದನ್ನು ಬೀಯುನಳಿಗೆ ಹೇಳಿದ.

"ಗುರುಗಳೇ, ಆ ಇನ್ನೊಂದು ಪುಟ ಇದ್ಯಂತಲ್ಲ, ಒಂದ್ನಿಮಿಷ ತೆಗ್ದು ತೋರಿಸ್ತೀರಾ ಅಂದ."

"ನೀನೇನಂದೆ?"

"ಅಯ್ಯೋ ಪಾಪ, ನಿಮ್ಮನೇಲಿ ಯಾರಪ್ಪ ಹೋದ್ರು ಅಂದೆ. ಯಾರೂ ಇಲ್ಲ ಗುರುಗಳೇ ಅಂದ. ಹಂಗಾದ್ರೆ ಅದನ್ನ ಯಾಕ್ ಕೈಬೀಸಿ ಕರೀತೀಯ ಅಂದು ಫೋನ್ ಇಟ್ಬಿಟ್ಟೆ."

ಊಟ ಮುಗಿದಿತ್ತು. ಆಹುವೆ ಅಲ್ಲಿನ ಪದ್ಧತಿಯಂತೆ ಮಿಕ್ಕ ಭಕ್ಷ್ಯಗಳನ್ನೆಲ್ಲ ಒಂದೇ ಹಂಡೆಗೆ ಸುರಿದು ಕುದಿಸಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿಗೆ ಕೆಂಪು ದಾರ ಕಟ್ಟಿ ಅವಳ ಕೈಗಿಟ್ಟ. ಅತ್ತಿಗೆಗೂ ಸಾಲಲಿ ಅಂತ ಇನ್ನೊಂದು ಸೌಟು ಹೆಚ್ಚಾಗಿಯೇ ಹಾಕಿದ್ದ.