ಆರತಿ ತಟ್ಟೆಗೆ ಬಿದ್ದ ಬೋಟು

ಬೆಳಗಿನಿಂದ ಪಕ್ಕದ ಮನೆಯವರು ಗೇಟಿಗೆ ಬಣ್ಣ ಹೊಡೆಸುತ್ತಿದ್ದಾರೆ. ಎನಾಮೆಲ್ ಬಣ್ಣ, ಅದರ ಜೊತೆಗೆ ಟರ್ಪೆಂಟೈನ್. ಓಣಿಯವರೆಲ್ಲ ಮೂಗಿಗೆ ಸೆರಗು ಹಿಡಿದು ಕಿಟಕಿ ಮುಚ್ಚಿಕೊಂಡಿದ್ದರೆ, ನಾನೊಬ್ಬಳು ಅಡುಗೆಮನೆಯ ಕಿಟಕಿಯನ್ನು ಪೂರ್ತಿ ತೆರೆದಿಟ್ಟು ರೊಟ್ಟಿ ಬಡಿಯುತ್ತಿದ್ದೇನೆ. ನಿಮಗೆ ಮಲ್ಲಿಗೆಯ ವಾಸನೆಗೆ ಗಂಡನ ನೆನಪಾಗಬಹುದು. ನನಗೆ ಆಗುವುದು ಈ ವಾಸನೆಗೆ. ಗಾಬರಿಯಾಗಬೇಡಿ, ಗಂಡ ಗಟ್ಟಿಮುಟ್ಟಾಗಿದ್ದಾರೆ. ಹಿತ್ತಲಲ್ಲಿ ಏನನ್ನೋ ಮರಳುಕಾಗದದಿಂದ ಉಜ್ಜುತ್ತ, ಅದು ಸರಿಯಾಗಲಿಲ್ಲವೆಂದು ತಮಗೆ ತಾವೇ ಬೈದುಕೊಳ್ಳುತ್ತ ಕುಳಿತಿದ್ದಾರೆ. ನಾನು ಹೇಳಹೊರಟಿರುವುದು ಅವರು ಯಾರನ್ನೂ ಬೈಯದೆ ಇದ್ದ ದಿನಗಳ ಬಗ್ಗೆ.

ನಮ್ಮ ಬಸವಕಲ್ಯಾಣದಲ್ಲಿ ಲಾರಿಯ ಸುದ್ದಿ ಬಿಟ್ಟು ಮಾತಾಡುವ ಗಂಡಸರು ಕಡಿಮೆ. ಇವರು ಲಾರಿಗೆ ಮೈ ಕಟ್ಟುವವರು. ಆಗೆಲ್ಲ ಕಂಪನಿಯಿಂದ ಬರುತ್ತಿದ್ದುದು ಬರೀ ಎಂಜಿನ್ನು, ಗಾಲಿ ಮತ್ತು ಎಲುಬಿನ ಗೂಡು. ಅದಕ್ಕೆ ಹಲಗೆ, ತಗಡು, ಬೋಲ್ಟು ಕೂಡಿಸಿ ಲಾರಿ ಎನ್ನಿಸುತ್ತಿದ್ದುದು ಇವರ ಶೆಡ್ಡು. ಇವರ ಬಾಯಲ್ಲಿ ಹೊಗಳಿಕೆಯ ಮಾತು ಒಂದೇ ಒಂದು: 'ಮಜಬೂತ್.' ನನ್ನನ್ನು ನೋಡಲು ಹುಮನಾಬಾದಿಗೆ ಬಂದ ದಿನ, ನಾನು ಚಹಾದ ತಟ್ಟೆ ಹಿಡಿದು ನಿಂತಾಗ ಇವರು "ಭಾಳ ಮಜಬೂತ್ ಅದ" ಎಂದರು. ನಾನು ನಾಚಿ ಒಳಗೆ ಓಡಿದೆ. ಆಮೇಲೆ ಅಣ್ಣ ಹೇಳಿದ, ಅವರು ನೋಡುತ್ತಿದ್ದದ್ದು ನನ್ನ ಹಿಂದಿದ್ದ ಬಾಗಿಲ ಚೌಕಟ್ಟನ್ನಂತೆ. ತವರಿಗೆ ಬಸ್ಸಿನಲ್ಲಿ ಹೋಗುವಾಗಲೂ ಅಷ್ಟೇ. ಮುಂದಿರುವ ಲಾರಿಯ ಬೆನ್ನು ನೋಡಿ ಇದು ಯಾರ ಕೈಕೆಲಸ, ಎಲ್ಲಿ ಹಲಗೆ ಹಗುರ ಹಾಕಿ ಮೋಸ ಮಾಡಿದ್ದಾರೆ ಎಂದು ಹೇಳುತ್ತಲೇ ಬರುತ್ತಿದ್ದರು. ನನಗೆ ಕಿಟಕಿಯಾಚೆಯ ತೊಗರಿ ಹೊಲ ನೋಡುವ ಭಾಗ್ಯವೇ ಇರಲಿಲ್ಲ.

ಆಮೇಲೆ ಲಾರಿಗಳು ಕಂಪನಿಯಿಂದಲೇ ಮೈ ಕಟ್ಟಿಕೊಂಡು ಬರತೊಡಗಿದವು. ಶೆಡ್ಡಿನ ಕೆಲಸ ಕಡಿಮೆಯಾಯಿತು, ಮತ್ತೆ ಕಡಿಮೆಯಾಯಿತು, ಒಂದು ದಿನ ಇವರು ಬೀಗ ಹಾಕಿಕೊಂಡು ಬಂದು ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮನೆಯಲ್ಲಿ ಉಣ್ಣಲು ತೊಂದರೆಯೇನೂ ಇರಲಿಲ್ಲ. ಹೊಲವಿತ್ತು, ಮಗಳ ಮದುವೆಯಾಗಿತ್ತು. ಆದರೆ ಮನುಷ್ಯ ಏಳಲೊಲ್ಲರು. ಡಾಕ್ಟರು ನೋಡಿ ಮೈಯಲ್ಲಿ ಏನೂ ಇಲ್ಲ ಎಂದರು. ನಾನೂ ಮೊದಮೊದಲು ದಣಿದಿದ್ದಾರೆ, ಮಲಗಲಿ ಎಂದೆ. ಆಮೇಲೊಂದು ದಿನ ಸಾರಿಗೆ ಉಪ್ಪು ಹಾಕುವುದನ್ನು ಮರೆತೆ. ಉಪ್ಪು ಒಂದು ಹರಳು ಹೆಚ್ಚುಕಡಿಮೆಯಾದರೆ ತಟ್ಟೆ ಸರಿಸಿ ಕೂಗಾಡುತ್ತಿದ್ದ ಗಂಡ, ಸಪ್ಪನೆಯ ಸಾರನ್ನು ಸುಮ್ಮನೆ ಉಂಡು ಕೈತೊಳೆದು ಮತ್ತೆ ಗೋಡೆಗೆ ತಿರುಗಿದರು. ಅವತ್ತು ನನಗೆ ನಿಜವಾಗಿ ಭಯವಾಯಿತು. ಈ ಮನುಷ್ಯ ಹೀಗೇ ಮಲಗಿ ಮಲಗಿ ಒಂದು ದಿನ ಏಳುವುದನ್ನೇ ಮರೆತುಬಿಡುತ್ತಾರೆ ಅನ್ನಿಸಿ, ಒಲೆಯ ಮುಂದೆ ಕುಳಿತು ಅತ್ತೆ.

ಆ ವರ್ಷ ದೀಪಾವಳಿಗೆ ಹುಮನಾಬಾದಿಗೆ ನಾನೊಬ್ಬಳೇ ಹೋದೆ. ಅಣ್ಣನದು ಹೆದ್ದಾರಿಯ ಪಕ್ಕ ದೊಡ್ಡ ಗುಜರಿ ಅಂಗಡಿ. ಮುರಿದದ್ದು, ತುಕ್ಕು ಹಿಡಿದದ್ದು, ಊರಿಗೆ ಬೇಡವಾದದ್ದೆಲ್ಲ ಅಲ್ಲಿಗೆ ಬರುತ್ತದೆ. ಅವುಗಳ ನಡುವೆ ಮಗುಚಿ ಬಿದ್ದಿತ್ತು ಒಂದು ಬೋಟು. ಹೈದರಾಬಾದಿನ ಕಡೆಯಿಂದ ಬಂದ ಲೋಡಿನಲ್ಲಿ ಬಂದದ್ದಂತೆ. ಫೈಬರಿನ ಮೈ, ಪಕ್ಕೆಯಲ್ಲಿ ಕುಂಬಳಕಾಯಿ ತೂರುವಷ್ಟು ತೂತು. ಹಿಂಭಾಗಕ್ಕೆ ಸಿಕ್ಕಿಸುವ ಮೋಟಾರು ಇತ್ತಾದರೂ ಒಳಗೆಲ್ಲ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬೋಟಿನ ಕೆಳಗೆ ಅತ್ತಿಗೆಯ ಕೋಳಿಗಳು ಸಂಸಾರ ಹೂಡಿದ್ದವು.

ಅಣ್ಣ-ತಮ್ಮಂದಿರಿಗೆ ಆರತಿ ಬೆಳಗುವುದು, ಅವರು ತಟ್ಟೆಗೆ ಏನಾದರೂ ಹಾಕುವುದು ನಮ್ಮ ಕಡೆಯ ಪದ್ಧತಿ. ಅಣ್ಣ ಮಣೆಯ ಮೇಲೆ ಕುಳಿತು, ಕುಂಕುಮ ಹಚ್ಚಿಸಿಕೊಂಡು, ಹೊಸ ಸೀರೆಯ ಗಂಟು ಬಿಚ್ಚಲು ಹೋದ.

"ಸೀರಿ ಬ್ಯಾಡ," ಎಂದೆ. "ಆ ಬೋಟು ಹಾಕು."

"ಯಾವ ಬೋಟು?"

"ಕೋಳಿ ಕುಂತಾವಲ್ಲ, ಅದು."

"ಹುಚ್ಚು ಹಿಡದದೇನು ನಿನಗ? ತಲಿ ಮ್ಯಾಲ ತಂಬಿಗಿ ನೀರು ಬಿದ್ರ ಚೀರ್ತಿದ್ದಿ, ನೀ ಬೋಟು ತಗೊಂಡು ಏನ್ ಮಾಡ್ತಿ?"

ಅವನು ಹೇಳಿದ್ದು ಖರೆ. ನೀರೆಂದರೆ ನನಗೆ ಪ್ರಾಣ ಹೋಗುತ್ತದೆ. ಬಾವಿಯೊಳಗೆ ಬಗ್ಗಿ ನೋಡಿದವಳಲ್ಲ, ಹೊಳೆಯಲ್ಲಿ ಮೊಣಕಾಲಿನ ಮೇಲೆ ಇಳಿದವಳಲ್ಲ. ಆದರೆ ಆ ಗುಜರಿಯಲ್ಲಿ ಅದರಷ್ಟು ಕೆಟ್ಟುಹೋದ ವಸ್ತು ಇನ್ನೊಂದಿರಲಿಲ್ಲ. ಇವರ ಕೈಗೆ ಕೊಟ್ಟರೆ ಅದರ ರಿಪೇರಿ ಸುಲಭಕ್ಕೆ ಮುಗಿಯುವುದಲ್ಲ. ಮತ್ತೆ, ಇಂಥ ಕೆಲಸ ಈಗ ಯಾರಿಗೂ ಬೇಡ ಎಂದು ಹೇಳಲು ನಮ್ಮೂರಿನಲ್ಲಿ ಬೋಟು ಕಟ್ಟಿದವರೇ ಯಾರೂ ಇರಲಿಲ್ಲ. ಇದನ್ನೆಲ್ಲ ಅಣ್ಣನಿಗೆ ಅಳುತ್ತ ಹೇಳಿದೆ. ಅವನು ಎದ್ದು ಹೋಗಿ ಕೋಳಿಗಳನ್ನು ಓಡಿಸಿದ.

ಟ್ರ್ಯಾಕ್ಟರಿನ ಮೇಲೆ ಬೋಟು ನಮ್ಮ ಅಂಗಳಕ್ಕೆ ಬಂತು. ಓಣಿಗೆ ಓಣಿಯೇ ಕೂಡಿತು. ನಾನು ಹೊರಸಿನ ಹತ್ತಿರ ಹೋಗಿ ನಿಂತು, ಜನ್ಮದಲ್ಲಿ ಆಡಿದ ಅತಿ ದೊಡ್ಡ ಸುಳ್ಳನ್ನು ಆಡಿದೆ. "ನೋಡ್ರಿ, ಬೋಟು ತಂದೀನಿ. ಸಣ್ಣಾಕಿ ಇದ್ದಾಗಿಂದ ನನಗ ಬೋಟಿನ್ಯಾಗ ಕುಂತು ಕೆರಿ ಸುತ್ತಬೇಕಂತ ಆಸೆ. ರಿಪೇರಿ ಮಾಡಿ ಕೊಡ್ರಿ."

ಇವರು ಗೋಡೆಯಿಂದ ಮುಖ ತಿರುಗಿಸಿ ನನ್ನನ್ನೊಮ್ಮೆ ನೋಡಿದರು. ಮತ್ತೆ ಗೋಡೆಗೆ ತಿರುಗಿದರು.

ಸರಿ, ನಾನೇ ಸುತ್ತಿಗೆ ಹಿಡಿದೆ. ಬೋಟಿನ ಅಂಚಿಗಿದ್ದ ಕಬ್ಬಿಣದ ಪಟ್ಟಿ ಸೊಟ್ಟಗಾಗಿತ್ತು. ಅದನ್ನು ನೇರ ಮಾಡುತ್ತೇನೆಂದು ಬಡಿಯತೊಡಗಿದೆ. ಇನ್ನಷ್ಟು ಸೊಟ್ಟಗಾಯಿತು. ಬಿಡದೆ ಬಡಿದೆ. ಒಳಗಿನಿಂದ ಎಷ್ಟೋ ತಿಂಗಳಿನಿಂದ ಕೇಳದ ದನಿ ಕೇಳಿತು.

"ಅದ್ಯಾರು ಹಂಗ ಬಡಿಯಾಕತ್ತಾರ?"

"ನಾನೇರಿ."

"ಸುತ್ತಗಿ ಹಿಡಿಯೋದು ಹಂಗೇನು? ಸಂಡಗಿ ಕುಟ್ಟಾಕತ್ತೀಯೇನು? ಸರಿ ಆಚಿ, ಕೊಡು ಇಲ್ಲೆ."

ಎದ್ದರು ನೋಡಿ! ನಾನು ಸುತ್ತಿಗೆ ಕೊಟ್ಟು, ಒಳಗೆ ಹೋಗಿ, ದೇವರ ಮುಂದೆ ದೀಪ ಹಚ್ಚಿದೆ.

ಮುಂದಿನದು ಲಾರಿ ಕಟ್ಟುವವರ ಕೈಗೆ ಬೋಟು ಸಿಕ್ಕರೆ ಏನಾಗುತ್ತದೆ ಎಂಬ ಕಥೆ. ತೂತಿಗೆ ದಪ್ಪ ತಗಡು ಬಡಿದರು. ತಳಕ್ಕೆ ಜಾಲಿಯ ಹಲಗೆ, ಸುತ್ತ ಕಬ್ಬಿಣದ ಪಟ್ಟಿ, ಹಿಂದೆ ಸರಪಳಿ ಹಾಕಿದ ಬಾಗಿಲು. ಯಾರೋ ಬಂದು "ಇದಕ್ಕ ಬ್ರೇಕ್ ಎಲ್ಲದರಿ?" ಎಂದಾಗ ಇಡೀ ದಿನ ಊಟ ಬಿಟ್ಟು ಯೋಚಿಸಿದರು. ಕೆರೆಗೆ ಇಳಿಸಲು ಒಪ್ಪಿಗೆ ಕೇಳಲು ತಾವೇ ಸರ್ಕಾರಿ ಆಫೀಸಿಗೆ ಹೋಗಿಬಂದರು. ಅಂದು ಇಸ್ತ್ರಿಯ ಅಂಗಿ ತೊಟ್ಟಿದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಕಚ್ಚಿಕೊಂಡಿದ್ದ ಮೋಟಾರನ್ನು ಅಣ್ಣ ಹುಮನಾಬಾದಿನಲ್ಲಿ ಬಿಚ್ಚಿಸಿ ಸರಿಮಾಡಿಸಿ ತಂದ. ಬಣ್ಣ ಹೊಡೆಯಲು ಬಂದವರು ಲಾರಿಗಳಿಗೆ ಚಿತ್ರ ಬರೆಯುತ್ತಿದ್ದ ಮಹಬೂಬ್‌ಸಾಬರು, ಇವರ ಹಳೆಯ ಜೊತೆಗಾರರು. ಎರಡೂ ಪಕ್ಕೆಗೆ ನವಿಲು, ಮೂತಿಗೆ ಎರಡು ಕಣ್ಣು. ಹಿಂಭಾಗಕ್ಕೆ 'ಹಾರ್ನ್ ಮಾಡಿ' ಎಂದು ಬರೆಯಲು ಇವರು ಹೇಳಿದಾಗ ಸಾಬರು ಕುಂಚ ಎತ್ತಿ ಹಿಡಿದು ನನ್ನ ಕಡೆ ನೋಡಿದರು.

"ಭಾಬಿ, ಕೆರಿಯಾಗ ಹಿಂದ ಯಾರ ಬರ್ತಾರ್ರೀ? ಬಾತುಕೋಳಿ ಹಾರ್ನ್ ಹೊಡಿತಾವೇನು?"

"ಹಿಂದ ಬರೀಲಿಲ್ಲಂದ್ರ ಅದು ಗಾಡಿ ಹ್ಯಾಂಗ ಆಗ್ತದ? ಸುಮ್ನ ಬರಿ ಮಹಬೂಬ," ಎಂದರು ಇವರು. ಬರೆದರು. ಎನಾಮೆಲ್ ವಾಸನೆ ಮನೆಯ ಹಾಸಿಗೆ, ಅನ್ನ, ನನ್ನ ಕೂದಲು ಎಲ್ಲಕ್ಕೂ ಹತ್ತಿತು. ನನಗಂತೂ ಹಬ್ಬ.

ನೀರಿಗಿಳಿಸುವ ದಿನ ನಮ್ಮೂರ ತ್ರಿಪುರಾಂತ ಕೆರೆಯ ದಡಕ್ಕೆ ಅರ್ಧ ಊರು ಬಂದಿತ್ತು. ತೆಂಗಿನಕಾಯಿ ಒಡೆದು, ನಿಂಬೆಹಣ್ಣು-ಮೆಣಸಿನಕಾಯಿ ಕಟ್ಟಿ, ಟ್ರ್ಯಾಕ್ಟರಿನಿಂದ ಬೋಟನ್ನು ನೀರಿಗೆ ಜಾರಿಸಿದರು. ಬೋಟು ಎಮ್ಮೆಯ ಹಾಗೆ ಹೋಗಿ ಕುಳಿತಿತು. ನೀರು ನವಿಲುಗಳ ಕೊರಳವರೆಗೆ ಬಂತು, ಅಂಚಿನವರೆಗೆ ಬಂತು, ಆಮೇಲೆ ನಿಧಾನಕ್ಕೆ ಒಳಗೇ ಬಂತು. ಮೊಣಕಾಲಷ್ಟು ನೀರಿನಲ್ಲಿ ಅದು ತಳ ಊರಿ ನಿಂತಾಗ 'ಹಾರ್ನ್ ಮಾಡಿ' ಎನ್ನುವುದೊಂದೇ ಮೇಲೆ ಕಾಣುತ್ತಿತ್ತು. ಯಾರೋ ಬಾಯಿಂದಲೇ ಪೋಂ ಪೋಂ ಎಂದರು. ದಡವೆಲ್ಲ ನಕ್ಕಿತು. ಇವರು ಒದ್ದೆ ಧೋತರದಲ್ಲೇ ಮನೆಗೆ ನಡೆದು ಬಂದು ಹೊರಸಿನ ಮೇಲೆ ಮಲಗಿದರು. ಗೋಡೆಯ ಕಡೆಗೇ.

ಆ ಸಂಜೆ ನಾನು ಪಟ್ಟ ಸಂಕಟ ಶತ್ರುವಿಗೂ ಬೇಡ. ಇದ್ದ ಮಾನವನ್ನೂ ಊರೆದುರು ಕಳೆದೆನಲ್ಲ, ಇನ್ನು ಈ ಮನುಷ್ಯನನ್ನು ಯಾವ ಬಾಯಿಂದ ಎಬ್ಬಿಸಲಿ ಎಂದು ಕಣ್ಣೀರು ಸುರಿಸುತ್ತಲೇ ಅಡುಗೆ ಮಾಡಿ ಬಡಿಸಿದೆ. ಇವರು ಒಂದು ತುತ್ತು ಬಾಯಿಗಿಟ್ಟರು. ತಟ್ಟೆ ಸರಿಸಿದರು.

"ಸಾರಿಗಿ ಉಪ್ಪು ಎಷ್ಟ್ ಹಾಕೀದಿ? ಉಣ್ಣಾಕ ಆಗ್ತದೇನು ಇದು?"

ಅವರ ಕಾಲಿಗೆ ಬೀಳಬೇಕೆನ್ನಿಸಿತು. ಮರುದಿನ ಬೆಳಗ್ಗೆ ಕೆರೆಯಿಂದ ಬೋಟು ತರಿಸಿ ಗರಗಸ ಹಿಡಿದು, ತಾವೇ ಜಡಿದ ಕಬ್ಬಿಣವನ್ನು ತಾವೇ ಕೀಳತೊಡಗಿದರು. ಮಹಬೂಬ್‌ಸಾಬರಿಗೆ ಹೇಳುತ್ತಿದ್ದರು, "ಇಷ್ಟು ವರ್ಷ ಭಾರ ಹೊರೋದನ್ನ ಕಟ್ಟೀವಿ ಮಹಬೂಬ. ತೇಲೋದು ಬ್ಯಾರೇನೇ ಅದ. ಇದಕ್ಕ ಮಜಬೂತ್ ಅಂದ್ರ ಹಗುರ." ನೀರಿನ ಟಾಕಿಗೆ ತೇಪೆ ಹಾಕುವವರಿಂದ ಫೈಬರಿನ ಕೆಲಸ ಕಲಿತರು. ಬಾಗಿಲು ಹೋಯಿತು, ಸರಪಳಿ ಹೋಯಿತು, ಹಲಗೆ ತೆಳುವಾಯಿತು. 'ಹಾರ್ನ್ ಮಾಡಿ' ಮಾತ್ರ ಉಳಿಯಿತು.

ಎರಡನೆಯ ಸಲ ತೇಲಿತು. ಹೂವಿನ ಹಾಗೆ ತೇಲಿತು. ಊರು ಚಪ್ಪಾಳೆ ತಟ್ಟಿತು. ಆಗ ಇವರು ತಿರುಗಿ ನನ್ನ ಕಡೆ ಕೈ ಚಾಚಿ "ಬಾ, ಹತ್ತು" ಎಂದರು. ಅಯ್ಯೋ ಶಿವನೇ, ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ! ಬೋಟಿನ ಆಸೆ ಇದ್ದವಳು ನಾನು ತಾನೆ? ಅಣ್ಣ ತಂದಿದ್ದ ತೇಲುವ ಅಂಗಿಯನ್ನು ತೊಟ್ಟುಕೊಂಡೆ. ಎರಡು ತೊಡೋಣವೆನ್ನಿಸಿತ್ತು, ಆಸೆಪಟ್ಟವಳಿಗೆ ಅದು ಶೋಭಿಸದು ಎಂದು ಬಿಟ್ಟೆ. ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ತುಟಿಯಲ್ಲಿ ನಗು ಹೊತ್ತು, ಕೆರೆ ಸುತ್ತಿದೆ.

ಅಲ್ಲಿಂದ ಪ್ರತಿ ಭಾನುವಾರ ಅದೇ. ಹುಮನಾಬಾದಿನಿಂದ ಅಣ್ಣ-ಅತ್ತಿಗೆ ಬುತ್ತಿ ಕಟ್ಟಿಕೊಂಡು ಬರುವರು, ಮಹಬೂಬ್‌ಸಾಬರ ಮೊಮ್ಮಕ್ಕಳು ಬರುವರು, ಇವರು ಎಲ್ಲರನ್ನೂ ಸರದಿಯಲ್ಲಿ ಒಯ್ದು ತರುವರು. ಕೊನೆಗೆ ನಾವಿಬ್ಬರೇ. ನಡುಕೆರೆಯಲ್ಲಿ ಮೋಟಾರು ನಿಲ್ಲಿಸಿದರೆ ದಡದ ಯಾವುದೋ ಮನೆಯ ಕುಕ್ಕರಿನ ಸೀಟಿ ಪಕ್ಕದಲ್ಲೇ ಕೂಗಿದಂತೆ ಕೇಳುತ್ತದೆ. ನಾನು ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ಕೊಡುತ್ತಿದ್ದೆ. "ನೀ ತಿನ್ನು, ನನಗ ಆಮ್ಯಾಲ" ಎಂದು ಇವರು ದಡದ ಕಡೆಗೇ ಕಣ್ಣು ನೆಟ್ಟು, ತುಟಿ ಬಿಗಿದು ಕೂರುತ್ತಿದ್ದರು. ನಾವಿಕನ ಗತ್ತು ಎಂದುಕೊಂಡಿದ್ದೆ. ಬೋಟು ನೋಡಿದವರು ಶೆಡ್ಡಿಗೆ ಕೆಲಸ ತಂದರು: ತಿಂಡಿ ಬಂಡಿ, ಹಣ್ಣಿನ ಗಾಡಿ, ಶಾಲೆಯ ಜೋಕಾಲಿ. ಬೀಗ ತೆರೆಯಿತು. ಹೊರಸನ್ನು ನಾನು ಶೇಂಗಾ ಒಣಹಾಕಲು ಮಾಳಿಗೆಗೆ ಹೊರಿಸಿದೆ.

ವರ್ಷಗಳು ಕಳೆದವು. ಹೋದ ಭಾನುವಾರ ನಡುಕೆರೆಯಲ್ಲಿ ನಾನೇ ಮಾತು ತೆಗೆದೆ. "ಏನ್ರಿ, ನಮಗೂ ವಯಸ್ಸಾತು. ಈ ಬೋಟು ಯಾರಿಗರ ಕೊಟ್ಟುಬಿಡೋಣೇನು?"

ಇವರು ದಡದಿಂದ ಕಣ್ಣು ಕಿತ್ತು ನನ್ನ ಕಡೆ ತಿರುಗಿದರು. "ನಿನ್ನ ಆಸೆ ತೀರಿತೇನು?"

"ಯಾಕ?"

"ತೀರಿದ್ರ ಕೊಡೋಣ. ಖರೇ ಹೇಳಲೇನು? ನೀರಿನ ಮ್ಯಾಲ ಬಂದ್ರ ನನಗ ಹೊಟ್ಟಿ ತೊಳಸ್ತದ. ಮೊದಲ ದಿನದಿಂದ ಅಷ್ಟೇ. ನಿನ್ನ ಸಲುವಾಗಿ ಬರಾಕತ್ತೀನಿ."

"ನನ್ನ ಸಲುವಾಗಿ?"

"ಮದುವಿ ಆದಾಗಿಂದ ನೀ ನನಗ ಏನೂ ಬೇಡಿದಾಕಿ ಅಲ್ಲ. ಸೀರಿ ಬೇಡಲಿಲ್ಲ, ಬಂಗಾರ ಬೇಡಲಿಲ್ಲ. ಎಲ್ಲಾ ಮುಗೀತು ಅಂತ ಗ್ವಾಡಿಗಿ ಮಾರಿ ಮಾಡಿ ಮಲಗಿದ್ದೆ. ಆಗ ಬಂದು ಬೋಟು ಬೇಕು ಅಂದಿ. ಇಕಿಗಿ ಇನ್ನೂ ನನ್ನಿಂದ ಏನೋ ಆಗೋದದ ಅಂತ ಗೊತ್ತಾತು. ಹ್ಯಾಂಗ ಮಲಗಲಿ ಹೇಳು?"

ನಾನು ಅತ್ತೆ, ನಕ್ಕೆ, ಮೂಗು ಸೋರಿತು, ಸೆರಗಿನಲ್ಲಿ ಒರೆಸಿಕೊಂಡೆ. ಹೇಳದೆ ಬಿಡಬಹುದಿತ್ತು. ಆದರೆ ಹೊಟ್ಟೆ ತೊಳಸಿಕೊಂಡು ಇಷ್ಟು ವರ್ಷ ಬೋಟು ನಡೆಸಿದ ಮನುಷ್ಯನಿಗೆ ಇನ್ನೂ ಸುಳ್ಳು ಹೇಳುವುದೆ? ನೀರೆಂದರೆ ನನಗೆ ಜೀವ ಹೋಗುತ್ತದೆಂದೂ, ಬೋಟು ಬೇಡಿದ್ದು ಅವರನ್ನು ಎಬ್ಬಿಸಲೆಂದೂ ಎಲ್ಲ ಹೇಳಿದೆ. ಇವರು ಬಾಯಿ ತೆರೆದು ಕುಳಿತರು. ಆಮೇಲೆ ನಕ್ಕರು. ಅವರು ನಕ್ಕ ರಭಸಕ್ಕೆ ಬೋಟು ಅಲ್ಲಾಡಿತು. ನಾನು ಮೊದಲ ಬಾರಿಗೆ ನಾಚಿಕೆ ಬಿಟ್ಟು ಚೀರಿ ಅವರ ತೋಳು ಹಿಡಿದುಕೊಂಡೆ. ಅವರು ಮೊದಲ ಬಾರಿಗೆ ನಾಚಿಕೆ ಬಿಟ್ಟು ಅಂಚಿನಾಚೆ ಬಗ್ಗಿ ಕಾರಿಕೊಂಡರು.

"ಹಂಗಾರ ಇಷ್ಟು ವರ್ಷ ಈ ಬೋಟು ಯಾರ ಸಲುವಾಗಿ ಓಡಿತು?" ಎಂದರು, ಬಾಯಿ ತೊಳೆದುಕೊಳ್ಳುತ್ತ.

ಇವತ್ತು ಮತ್ತೆ ಭಾನುವಾರ. ಯಾರಿಗೂ ಯಾವ ಹಂಗೂ ಉಳಿದಿಲ್ಲ. ಈಗಷ್ಟೇ ಇವರು ಹಿತ್ತಲಿನಿಂದ ಎದ್ದು ಬಂದು, ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾರೆ. ನಾನು ಕೆರೆಯ ಬುತ್ತಿಗೆ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿರುವುದನ್ನು ನೋಡಿದರು.

"ನಿನಗ ಇನ್ನೂ ಅಂಜಿಕಿ ಬರ್ತದೇನು?"

"ಬರ್ತದ. ನಿಮಗ ಹೊಟ್ಟಿ ತೊಳಸ್ತದೇನು?"

"ತೊಳಸ್ತದ."

"ಹಂಗಾರ ನಡೀರಿ."