ನೂರ್‌ಳ ಪಾದದಲ್ಲಿ ಸಿಕ್ಕ ನಾಡಿ

೧೯೮೮ರಲ್ಲಿ ನಾನು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದೆ. ಮೂರು ವರ್ಷದ ಅನುಭವ, ಅದಕ್ಕೆ ಮೀರಿದ ಜಂಭ. ನನ್ನ ಬೆರಳು ತಪ್ಪುವುದಿಲ್ಲ ಎಂದು ನರ್ಸುಗಳ ಮುಂದೆ ಹೇಳಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಹನ್ನೆರಡಕ್ಕೆ ಏಳು ವರ್ಷದ ನೂರ್‌ಳನ್ನು ಅವಳ ತಾಯಿ ಮತ್ತು ಅಜ್ಜಿ ಕರೆತಂದರು. ರೇಷ್ಮೆ ನೂಲು ತೆಗೆಯುವ ಮನೆಯವರು. ಹನ್ನೊಂದು ಗಂಟೆಗೆ ಮಗು ಅಟ್ಟದಿಂದ ಕಲ್ಲಿನ ಮೇಲೆ ಬಿದ್ದು, ಮಂಡಿಯ ಸ್ವಲ್ಪ ಮೇಲೆ ತೊಡೆಯ ಮೂಳೆ ಮುರಿದಿತ್ತು. ಅಲ್ಲಿ ಮೂಳೆಗೆ ಒತ್ತಿಕೊಂಡೇ ಪಾಪ್ಲಿಟಿಯಲ್ ಆರ್ಟರಿ, ಅಂದರೆ ಕಾಲಿಗೆ ರಕ್ತ ಒಯ್ಯುವ ಮುಖ್ಯ ನಾಳ ಹಾದುಹೋಗುತ್ತದೆ. ಮೂಳೆಯ ಚೂಪು ಅದನ್ನು ಜಜ್ಜಿದರೆ ಸುಮಾರು ಆರು ಗಂಟೆಯೊಳಗೆ ಸರಿಪಡಿಸಬೇಕು. ತಡವಾದರೆ ಕಾಲನ್ನೇ ಕತ್ತರಿಸಬೇಕಾಗಬಹುದು. ಅದಕ್ಕೇ ಪಾದದ ಮೇಲೆ ನಾಡಿ ನೋಡುವುದು. ನಾನು ಗಟ್ಟಿಯಾಗಿ ಒತ್ತಿ ನೋಡಿದೆ, ಸಿಕ್ಕಿತು. ನಾಡಿ ಇದೆ, ಹೆದರಬೇಡಿ ಎಂದು ಮನೆಯವರಿಗೆ ಹೇಳಿ, ಕೇಸ್ ಶೀಟಿನಲ್ಲೂ ಹಾಗೇ ಬರೆದು, ಕಾಲು ಅಲುಗದಂತೆ ಸ್ಪ್ಲಿಂಟ್ ಕಟ್ಟಿಸಿ ಬೇರೆ ರೋಗಿಗಳ ಕಡೆ ಹೋದೆ.

ಒಂದೂವರೆಗೆ ವಾರ್ಡಿಗೆ ಬಂದಾಗ ಅಲ್ಲಿ ಸದ್ದೇ ಇರಲಿಲ್ಲ. ಮೂಳೆ ಮುರಿದ ಮಕ್ಕಳು ಸೂರು ಹಾರುವಂತೆ ಅಳುತ್ತಾರೆ. ನೂರ್ ಅಳುತ್ತಿರಲಿಲ್ಲ. ಬಿಸಿಲು ಬಿದ್ದ ಹಾಸಿಗೆಯಲ್ಲಿ ತನ್ನ ಪಾದವನ್ನು, ಯಾರೋ ಮರೆತುಹೋದ ವಸ್ತುವನ್ನು ನೋಡುವಂತೆ ನೋಡುತ್ತಿದ್ದಳು. ಕಣ್ಣು ಕಾಣದ ಅಜ್ಜಿ ಎರಡೂ ಪಾದಗಳನ್ನು ಸವರುತ್ತಿದ್ದರು.

“ಡಾಕ್ಟ್ರಮ್ಮ, ಈ ಕಾಲು ನಮ್ ಮಗೂದಲ್ಲ,” ಎಂದರು.

ತಾಯಿಯೂ ಮುಟ್ಟಿ ನೋಡಿ, ಎರಡೂ ಒಂದೇ ಥರ ಇವೆಯಲ್ಲ ಎಂದರು. ಅವರ ತಪ್ಪಲ್ಲ. ದಿನವಿಡೀ ಕುದಿಯುವ ನೀರಿನಲ್ಲಿ ರೇಷ್ಮೆಗೂಡಿನ ಎಳೆ ಹುಡುಕಿ ಮರಗಟ್ಟಿದ್ದ ಅವರ ಬೆರಳುಗಳಿಗೆ ಬಿಸಿ ಯಾವುದು, ತಣ್ಣಗಿನದು ಯಾವುದು ತಿಳಿಯುತ್ತಿರಲಿಲ್ಲ. ನಾನು ಮುಟ್ಟಿದೆ. ಪಾದ ಬಿಳಿಚಿಕೊಂಡು ಮಣ್ಣಿನ ಹೂಜಿಯಂತೆ ತಣ್ಣಗಿತ್ತು. ಚಿವುಟಿದರೂ ಮಗುವಿಗೆ ಗೊತ್ತಾಗಲಿಲ್ಲ. ಆದರೆ ಬೆರಳಿಟ್ಟು ಒತ್ತಿದರೆ, ಆ ಸತ್ತಂಥ ಪಾದದೊಳಗೆ ನಾಡಿ ಬಡಿಯುತ್ತಲೇ ಇತ್ತು.

ಇನ್ನೊಂದು ಕೈಯಿಂದ ಮಗುವಿನ ಮಣಿಕಟ್ಟು ಹಿಡಿದು ಗಡಿಯಾರ ನೋಡಿದೆ. ಅಲ್ಲಿ ನಿಮಿಷಕ್ಕೆ ನೂರ ಮೂವತ್ತು, ಪಾದದಲ್ಲಿ ಎಂಬತ್ತೆಂಟು. ಒಂದು ಮೈಯಲ್ಲಿ ಎರಡು ಹೃದಯ ಇರಲು ಸಾಧ್ಯವೇ? ನಿಜಕ್ಕೂ ಹೆದರಿದೆ. ಪಾದದ ಮೇಲಿನ ಬೆರಳು ತೆಗೆಯದೆ, ಇನ್ನೊಂದು ಕೈಯಿಂದ ನನ್ನ ಕುತ್ತಿಗೆ ಮುಟ್ಟಿಕೊಂಡೆ. ಎರಡೂ ಒಟ್ಟಿಗೇ ಬಡಿಯುತ್ತಿದ್ದವು.

ಅದು ನನ್ನದೇ ನಾಡಿ. ಅತಿಯಾಗಿ ಒತ್ತಿದರೆ ವೈದ್ಯರಿಗೆ ತಮ್ಮ ಬೆರಳಿನ ತುದಿಯ ಬಡಿತವೇ ರೋಗಿಯದೆನ್ನಿಸುತ್ತದೆ. ಪುಸ್ತಕದಲ್ಲಿ ಓದಿದ್ದೆ, ಬೇರೆಯವರು ಮಾಡುವ ತಪ್ಪು ಅಂದುಕೊಂಡಿದ್ದೆ.

ಕಾಲನ್ನು ಮೆಲ್ಲಗೆ ಎಳೆದು ನೇರ ಮಾಡಿದೆ. ಕೆಲವೊಮ್ಮೆ ಅಷ್ಟಕ್ಕೇ ರಕ್ತ ಹರಿಯುವುದುಂಟು, ಅಂದು ಹರಿಯಲಿಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿಸಿ, ಜೀಪಿನಲ್ಲಿ ಮಗುವಿನ ಜೊತೆ ನಾನೇ ಹೋದೆ. ಅಲ್ಲಿನ ಸರ್ಜನ್ ಮಗುವಿನ ಇನ್ನೊಂದು ಕಾಲಿನಿಂದ ರಕ್ತನಾಳದ ತುಂಡು ತೆಗೆದು ಜಜ್ಜಿದ ಆರ್ಟರಿಗೆ ಹೊಲಿದರು. ಐದೂ ಮುಕ್ಕಾಲಿಗೆ ಪಾದ ಕೆಂಪಾಯಿತು. ಕಾಲು ಉಳಿಯಿತು. ಆದರೆ ಪಾದದ ಎರಡು ಬೆರಳು ಕಪ್ಪಾಗಿ, ತೆಗೆಯಬೇಕಾಯಿತು. ನಾನು ಕಳೆದ ಒಂದೂವರೆ ಗಂಟೆ ತಿಂದದ್ದು ಅವನ್ನೇ.

ಮೂರು ತಿಂಗಳ ನಂತರ ನೂರ್ ಅಜ್ಜಿಯ ಕೈ ಹಿಡಿದು ನಡೆದು ಬಂದಳು. ಅಜ್ಜಿ ಹರಸಿದರು, ಹೊರಟವರು ಬಾಗಿಲಲ್ಲಿ ನಿಂತರು.

“ಅವತ್ತು ನಾಡಿ ಐತೆ ಅಂದ್ರಲ್ಲ ಡಾಕ್ಟ್ರಮ್ಮ, ಅದು ಯಾರ್ದು?”

“ನಂದೇ ಅಜ್ಜಿ,” ಎಂದೆ.

ಅಂದಿನಿಂದ ನಿವೃತ್ತಿಯಾಗುವವರೆಗೂ, ಯಾವ ಮಗುವಿನ ಪಾದ ಮುಟ್ಟಿದರೂ ಒಂದು ಕೈ ನನ್ನ ಕುತ್ತಿಗೆಯ ಮೇಲಿರುತ್ತಿತ್ತು. ಹೊಸ ಡಾಕ್ಟರುಗಳು ಮುಸಿಮುಸಿ ನಗುತ್ತಿದ್ದರು. ‘ಅದು ಯಾರ್ದು’ ಎಂಬ ಅಜ್ಜಿಯ ಪ್ರಶ್ನೆಗೆ ಉತ್ತರ ಸಿಗುವ ಮುನ್ನ ‘ನಾಡಿ ಇದೆ’ ಎಂದು ನಾನು ಮತ್ತೆಂದೂ ಬರೆಯಲಿಲ್ಲ.